ಕೊನೆಯ ಸ್ಥಾನದ ತಂಡವೂ ನನ್ನ ಕುತ್ತಿಗೆಯ ಗಡ್ಡೆಯೂ

ನನ್ನ ಕುತ್ತಿಗೆಯ ಗಡ್ಡೆಯನ್ನು ಮೊದಲು ಕಂಡವಳು ಹೆಂಡತಿ ವನಜ. ಒಂದು ಶುಕ್ರವಾರ ಬೆಳಿಗ್ಗೆ, ದೋಹಾ ಅಲ್ ಜದೀದಾ ಬಡಾವಣೆಯ ನಮ್ಮ ಫ್ಲ್ಯಾಟಿನಲ್ಲಿ ನಾನು ಬನಿಯನ್ನಿನಲ್ಲಿ ನಿಂತು ಕಿಟಕಿ ಏಸಿಯ ಜಾಲರಿ ಬಿಚ್ಚಿ ಧೂಳು ಕೊಡವುತ್ತಿದ್ದೆ. ಚಾ ತಂದವಳು ಲೋಟ ಕೊಡದೆ ಹಾಗೇ ನಿಂತಳು.

"ಎಂತ ಇದು? ನಿಮ್ಮ ಕುತ್ತಿಗೆ ಒಂದು ಬದಿ ಊದಿದ ಹಾಗೆ ಕಾಣ್ತದೆ."

"ಏಸಿ ಗಾಳಿಗೆ ಹಿಡಿದದ್ದು."

"ನೋಯ್ತದಾ?"

"ಇಲ್ಲ ಮಾರಾಯ್ತಿ, ಚೂರೂ ನೋವಿಲ್ಲ."

ನೋವಿಲ್ಲ ಎಂದಾಗ ಇಬ್ಬರಿಗೂ ಸಮಾಧಾನವಾಯಿತು. ನೋಯದ ಗಡ್ಡೆಗೇ ಹೆಚ್ಚು ಹೆದರಬೇಕು ಎಂದು ನಮಗೆ ಆಗ ಯಾರು ಹೇಳಬೇಕು?

ತೊಂಬತ್ತರ ದಶಕದ ನಡುವಿನ ಮಾತು ಇದು. ನಾನು ಮೆಸಯೀದ್ ಬಂದರಿನಲ್ಲಿ ಒಂದು ಡಚ್ ಕಂಪನಿಯ ವರ್ಕ್‌ಶಾಪಿನಲ್ಲಿ ವೆಲ್ಡಿಂಗ್ ಫೋರ್‌ಮನ್ ಆಗಿದ್ದೆ. ದೊಡ್ಡ ಹಡಗುಗಳು ಒಳಗೆ ಬರಲು ಸಮುದ್ರದ ತಳವನ್ನು ಕೊರೆದು ಆಳ ಮಾಡುವ ಕಂಪನಿ. ಕೊರೆಯುವ ಯಂತ್ರದ ಹಲ್ಲುಗಳು ಸವೆದು ಬಂದಂತೆ ಅವನ್ನು ಮತ್ತೆ ಬೆಸೆದು ಕಳಿಸುವುದು ನಮ್ಮ ಕೆಲಸ. ನಮ್ಮ ಮೇಲಿನವರು ಒಬ್ಬ ಡಚ್ಚರು. ಕೆಂಪು ಮುಖ, ದೊಡ್ಡ ಹೊಟ್ಟೆ, ಕಡಿಮೆ ಮಾತು. ಅವರ ಹೆಸರು ಕೇಸ್. ನಮ್ಮ ಊರಿನವರು ಆ ಹೆಸರು ಕೇಳಿದಾಗಲೆಲ್ಲ "ಎಂತ, ಸಿವಿಲ್ಲಾ ಕ್ರಿಮಿನಲ್ಲಾ?" ಎಂದು ನಗುತ್ತಿದ್ದರು.

ಆ ಆಗಸ್ಟಿನಲ್ಲಿ ಕೇಸ್ ಸಾಹೇಬರು ಮೆಸ್ಸಿನಲ್ಲಿ ಒಂದು ಆಟ ಹೂಡಿದರು. ಅವರ ದೇಶದ ಮೊದಲ ದರ್ಜೆಯ ಫುಟ್‌ಬಾಲ್ ಲೀಗ್ ಶುರುವಾಗುವ ಹೊತ್ತು. ಹದಿನೆಂಟು ತಂಡಗಳ ಹೆಸರು ಬರೆದ ಚೀಟಿಗಳನ್ನು ಹೆಲ್ಮೆಟ್ಟಿಗೆ ಹಾಕಿ, ಎಲ್ಲರೂ ಒಂದೊಂದು ಎತ್ತಬೇಕು. ಮುಂದಿನ ಮೇ ತಿಂಗಳವರೆಗೆ ಅದು ನಿನ್ನ ತಂಡ. ಜೂಜಲ್ಲ, ಗೆದ್ದವನಿಗೆ ಉಳಿದವರೆಲ್ಲ ಸೇರಿ ಬಿರಿಯಾನಿ ಹಾಕಿಸುವುದು. ನಾನು ಎತ್ತಿದ ಚೀಟಿಯನ್ನು ನೋಡಿ ಕೇಸ್ ತಲೆ ಮೇಲೆ ಕೈಯಿಟ್ಟುಕೊಂಡರು. ಜರ್ಮನಿಯ ಗಡಿ ಹತ್ತಿರದ ಒಂದು ಸಣ್ಣ ಊರಿನ ತಂಡ ಅದು. ಅವರ ಸ್ವಂತ ಊರು.

"ಸುಂದರ, ನಿನ್ನ ಗ್ರಹಚಾರ. ಈ ವರ್ಷ ನಮ್ಮವರು ಪಟ್ಟಿಯ ಕೊನೆಯಲ್ಲಿ ನಿಂತು ಕೆಳಗಿನ ದರ್ಜೆಗೆ ಬೀಳದಿದ್ದರೆ ಅದೇ ದೊಡ್ಡದು," ಎಂದರು.

ನನಗೆ ಫುಟ್‌ಬಾಲ್ ಏನೂ ಗೊತ್ತಿರಲಿಲ್ಲ. ಊರಿನಲ್ಲಿ ಆಡಿದ್ದು ಕಬಡ್ಡಿ, ಬಿಟ್ಟರೆ ವಾಲಿಬಾಲ್. ಚೀಟಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಮರೆತೆ.

ಸೆಪ್ಟೆಂಬರಿನ ಹೊತ್ತಿಗೆ ಅಂಗಿಯ ಮೇಲಿನ ಗುಂಡಿ ಹಾಕಲು ಬಾರದಾಯಿತು. ಮೈಯೆಲ್ಲ ತುರಿಕೆ. ಕ್ಲಿನಿಕ್ಕಿನವರು ಎರಡು ಸಲ ಮಾತ್ರೆ ಕೊಟ್ಟರು, ಮೂರನೆಯ ಸಲ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಗಡ್ಡೆಯ ಒಂದು ತುಂಡು ತೆಗೆದರು. ಫಲಿತಾಂಶಕ್ಕೆ ಕಾದ ಆ ದಿನಗಳಲ್ಲಿ ವೆಲ್ಡಿಂಗಿನ ಕಪ್ಪು ಗಾಜಿನ ಹಿಂದೆ ನಾನು ಏನು ಬೆಸೆಯುತ್ತಿದ್ದೇನೆ ಎಂದೇ ತಿಳಿಯುತ್ತಿರಲಿಲ್ಲ. ಕೈ ಮಾತ್ರ ಕೆಲಸ ಮಾಡುತ್ತಿತ್ತು.

ಡಾಕ್ಟರು ಸುಡಾನಿನವರು, ಎತ್ತರದ ಆಳು, ಮೆಲ್ಲನೆ ಮಾತನಾಡುವವರು. ಆ ದಿನ ಅವರು ಮೊದಲು ವನಜಳಿಗೆ ಕುರ್ಚಿ ತೋರಿಸಿದರು. ಅದನ್ನು ನೋಡಿಯೇ ನನಗೆ ಅರ್ಧ ತಿಳಿಯಿತು. ಕಾಯಿಲೆಯ ಹೆಸರು ಹೇಳಿದರು. ನನಗೆ ಕೇಳಿಸಿದ್ದು ಕ್ಯಾನ್ಸರ್ ಎಂಬ ಒಂದೇ ಶಬ್ದ. ಇದು ವಾಸಿಯಾಗುವ ಜಾತಿಯದ್ದು, ಹೆಚ್ಚಿನವರಿಗೆ ವಾಸಿಯಾಗುತ್ತದೆ ಎಂದೂ ಹೇಳಿದರಂತೆ. ಅದನ್ನು ನನಗೆ ವನಜ ಮನೆಗೆ ಬಂದ ಮೇಲೆ ಹೇಳಬೇಕಾಯಿತು, ಅದೂ ಮತ್ತೆ ಮತ್ತೆ.

ಹೊರಗೆ ವ್ಯಾನಿನಲ್ಲಿ ಹಮೀದಾಕ ಕಾಯುತ್ತಿದ್ದರು. ಅವರು ಉಳ್ಳಾಲದವರು, ದೋಹಾದಿಂದ ಮೆಸಯೀದಿಗೆ ನಮ್ಮನ್ನು ದಿನಾ ಕೊಂಡೊಯ್ಯುವ ಕಂಪನಿ ವ್ಯಾನಿನ ಡ್ರೈವರ್. ಸದಾ ಹರಟೆ, ಸದಾ ನಗು. ವಿಷಯ ಕೇಳಿ, "ಅಷ್ಟೆಯಾ? ನಾನು ಎಂತದೋ ಅಂತ ಗ್ರಹಿಸಿದೆ. ಮದ್ದುಂಟಲ್ಲ ಸುಂದರಣ್ಣ, ಮದ್ದಿಲ್ಲದ ಕಾಯಿಲೆಗೆ ಹೆದರ್ಬೇಕು. ಖಲಾಸ್, ಹತ್ತಿ ಗಾಡಿ," ಎಂದರು.

ನನ್ನ ದೊಡ್ಡ ಹೆದರಿಕೆ ಸಾವಿನದ್ದಾಗಿರಲಿಲ್ಲ ಎಂದರೆ ನಂಬುವಿರೋ ಇಲ್ಲವೋ. ಕೆಲಸ ಹೋದರೆ ವೀಸಾ ಹೋಗುತ್ತದೆ, ವೀಸಾ ಹೋದರೆ ಆಸ್ಪತ್ರೆ ಹೋಗುತ್ತದೆ, ಆಸ್ಪತ್ರೆ ಹೋದರೆ ನಾನು ಹೋಗುತ್ತೇನೆ. ಇದೇ ಸರಪಳಿ ತಲೆಯಲ್ಲಿ ಸುತ್ತುತ್ತಿತ್ತು. ಕೇಸ್ ಸಾಹೇಬರ ಕ್ಯಾಬಿನ್ನಿಗೆ ಹೋಗಿ ಹೇಳಿದಾಗ ಅವರು ನನ್ನ ಮುಖ ನೋಡಲಿಲ್ಲ. ಮೇಜಿನ ಮೇಲಿದ್ದ ಅಳತೆಪಟ್ಟಿಯನ್ನು ಎಳೆದರು, ಬಿಟ್ಟರು, ಎಳೆದರು.

"ಬಿಸಿ ಕೆಲಸ ಬೇಡ," ಎಂದರು ಕೊನೆಗೆ. "ಟೂಲ್ ಸ್ಟೋರಿನಲ್ಲಿ ಕೂರು. ಆಸ್ಪತ್ರೆಯ ದಿನ ಬರಬೇಡ. ಆಫೀಸಿಗೆ ನಾನು ಹೇಳುತ್ತೇನೆ."

ಬಾಗಿಲ ಬಳಿ ಹೋದಾಗ ಹಿಂದಿನಿಂದ ಕೂಗಿದರು: "ಸುಂದರ, ಭಾನುವಾರ ನಾವು ಗೆದ್ದೆವು. ಈ ಸೀಸನ್ನಿನ ಮೊದಲ ಗೆಲುವು."

ನನ್ನ ಹುಚ್ಚು ಶುರುವಾದದ್ದು ಅಲ್ಲಿಂದ.

ಮೊದಲ ಕೀಮೋ ಆದ ವಾರ ತಂಡ ಮತ್ತೆ ಗೆದ್ದಿತು, ನನಗೂ ಹೇಳಿಕೊಳ್ಳುವಂಥ ತೊಂದರೆಯಾಗಲಿಲ್ಲ. ಎರಡನೆಯದರ ವಾರ ನಾಲ್ಕು ಗೋಲು ತಿಂದು ಸೋತಿತು, ನಾನು ಬಕೆಟ್ ತಬ್ಬಿಕೊಂಡು ಬಚ್ಚಲಿನ ನೆಲದ ಮೇಲೆ ಮಲಗಿದೆ. ಅಷ್ಟೇ ಸಾಕಾಯಿತು. ವನಜ ಊರಿನ ದೈವಕ್ಕೆ ಹರಕೆ ಹೊತ್ತಿದ್ದಳು. ನಾನು ಯಾರಿಗೂ ಹೇಳದೆ, ಒಮ್ಮೆಯೂ ನೋಡದ ಊರಿನ, ಮುಖ ಗೊತ್ತಿಲ್ಲದ ಹನ್ನೊಂದು ಜನರಿಗೆ ನನ್ನ ಜೀವವನ್ನು ಕಟ್ಟಿಹಾಕಿದೆ. ಅವರು ಮೇಲಿನ ದರ್ಜೆಯಲ್ಲಿ ಉಳಿದರೆ ನಾನೂ ಉಳಿಯುತ್ತೇನೆ. ಬಿದ್ದರೆ ಇಲ್ಲ.

ಬುದ್ಧಿ ಇರುವವರು ನಗಬಹುದು. ಆದರೆ ಆ ಕಾಯುವ ಕೋಣೆಯಲ್ಲಿ ಕೂತವರಿಗೆ ಇದು ಅರ್ಥವಾದೀತು. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಕೇರಳದ ಅಮ್ಮನೊಬ್ಬರು ನೆಲದ ಕಪ್ಪು ಹಾಸುಗಲ್ಲನ್ನು ತುಳಿಯುತ್ತಿರಲಿಲ್ಲ, ಬಿಳಿಯದರ ಮೇಲೆ ಮಾತ್ರ ಕಾಲಿಡುತ್ತಿದ್ದರು. ಒಮ್ಮೆ ನಾನು ನೋಡುವುದನ್ನು ನೋಡಿ ನಾಚಿ ನಕ್ಕರು. ನಾನೂ ನಕ್ಕೆ. ಮುಂದಿನ ಸಲದಿಂದ ನಾನೂ ಬಿಳಿಯದರ ಮೇಲೇ ನಡೆದೆ.

ಸೋಮವಾರ ಬೆಳಿಗ್ಗೆ ಕೇಸ್ ಮೆಸ್ಸಿಗೆ ಬರುವುದನ್ನು ಕಾಯುವುದೇ ನನ್ನ ವಾರವಾಯಿತು. ಭಾನುವಾರ ಅವರು ಶಾರ್ಟ್‌ವೇವ್ ರೇಡಿಯೋದಲ್ಲಿ ಡಚ್ ಸುದ್ದಿ ಹಿಡಿಯುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಅವರ ನಡಿಗೆಯಿಂದ ನನಗೆ ಗೊತ್ತಾಗುತ್ತಿತ್ತು. ಡ್ರಾ ಆದರೆ ಟೋಪಿ ಸ್ವಲ್ಪ ಓರೆ. ಸೋತರೆ ನೇರ ಚಹಾದ ಪಾತ್ರೆಗೆ. ಸೋತದ್ದೇ ಹೆಚ್ಚು. ಕೈ ತಾನಾಗಿ ಕುತ್ತಿಗೆಗೆ ಹೋಗುತ್ತಿತ್ತು. ಗಡ್ಡೆ ಕರಗುತ್ತಿದೆ ಎಂದು ಬೆರಳು ಹೇಳುತ್ತಿತ್ತು. ಹನ್ನೆರಡು ತಂಡಗಳ ಕೆಳಗೆ, ಹದಿನಾಲ್ಕರ ಕೆಳಗೆ, ಹದಿನಾರರ ಕೆಳಗೆ ಎಂದು ಕೇಸ್ ಹೇಳುತ್ತಿದ್ದರು. ನಾನು ಬೆರಳನ್ನು ನಂಬುತ್ತಿರಲಿಲ್ಲ.

ಮಗಳು ಶ್ರುತಿಗೆ ಆಗ ಏಳು ವರ್ಷ. "ಪಪ್ಪಾ, ನಿಮ್ಮ ಹೇರ್ ಎಲ್ಲ ಪಿಲ್ಲೋ ಮೇಲೆ ಬಂದಿದೆ," ಎಂದು ಒಂದು ಬೆಳಿಗ್ಗೆ ಕಿರುಚಿದಳು. ಅದೇ ದಿನ ಹಮೀದಾಕ ನನ್ನನ್ನು ಅಲ್ ಮನ್ಸೂರಾದ ಸಲೂನಿಗೆ ಕರೆದುಕೊಂಡು ಹೋಗಿ, ತಾವೂ ಪಕ್ಕದ ಕುರ್ಚಿಯಲ್ಲಿ ಕೂತು ತಲೆ ಬೋಳಿಸಿಕೊಂಡರು. "ನಂದು ಹೇಗೂ ಉದುರ್ತಾ ಉಂಟು, ನಿಮ್ಮ ನೆವನದಲ್ಲಿ ಆಯ್ತು," ಎಂದರು. ವಾಪಸು ಬರುವಾಗ ದಾರಿಯಲ್ಲಿ, ಯಾಕೋ ತಡೆಯಲಾಗದೆ, ತಂಡದ ಹರಕೆಯ ವಿಷಯ ಅವರೊಬ್ಬರಿಗೆ ಹೇಳಿಬಿಟ್ಟೆ.

ಅವರು ನಗಲಿಲ್ಲ. "ಅಲ್ಲಾಹುವನ್ನು ಬಿಟ್ಟು ಜೀವವನ್ನು ಆ ಬೂಟು ಹಾಕಿದವರ ಕೈಯಲ್ಲಿ ಕೊಟ್ಟಿರಾ ಸುಂದರಣ್ಣ?" ಎಂದಷ್ಟೇ ಕೇಳಿದರು.

ಡಿಸೆಂಬರಿನಲ್ಲಿ ಲೀಗಿಗೆ ಚಳಿಗಾಲದ ರಜೆ. ಅಲ್ಲಿ ಮೈದಾನದ ಹುಲ್ಲು ಕಲ್ಲಿನ ಹಾಗೆ ಹೆಪ್ಪುಗಟ್ಟುತ್ತದೆ ಎಂದು ಕೇಸ್ ವಿವರಿಸಿದರು. ಇಲ್ಲಿ ದೋಹಾದಲ್ಲಿ ಗಾಳಿ ತಂಪಾಗಿ, ಜನ ಮಕ್ಕಳನ್ನು ಕರೆದುಕೊಂಡು ಸಮುದ್ರದ ಬದಿಗೆ ತಿರುಗಾಡಲು ಹೋಗುವ ಕಾಲ. ಸೋಮವಾರಗಳು ಸುದ್ದಿಯಿಲ್ಲದೆ ಬಂದು ಹೋದವು. ಸೋಲಾದರೂ ಬರಲಿ, ಏನಾದರೊಂದು ತಿಳಿಯಲಿ ಎನಿಸುತ್ತಿತ್ತು.

ಫೆಬ್ರವರಿಯ ಕೊನೆಗೆ ನನಗೆ ಜ್ವರ ಬಂತು. ಮದ್ದಿನಿಂದ ರಕ್ತದ ಬಿಳಿ ಕಣಗಳು ತೀರಾ ಇಳಿದಿದ್ದವು. ಆಸ್ಪತ್ರೆಯಲ್ಲಿ ಒಂಟಿ ಕೋಣೆಗೆ ಹಾಕಿದರು. ಮಾಸ್ಕ್ ಹಾಕಿ, ಕೈ ತೊಳೆದು, ಒಬ್ಬೊಬ್ಬರೇ ಒಳಗೆ ಬರಬೇಕು. ಮಗಳನ್ನು ಬಿಡಲಿಲ್ಲ, ಅವಳು ಬಾಗಿಲ ಗಾಜಿಗೆ ಮೂಗು ಒತ್ತಿ ನಿಂತು ಶಾಲೆಯಲ್ಲಿ ಕಲಿತ ಕುಣಿತ ತೋರಿಸಿ ಹೋದಳು. ಚಳಿಗೆ ಹಲ್ಲು ಕಟಕಟಿಸುತ್ತಿದ್ದಾಗ ನರ್ಸಮ್ಮ ಇನ್ನೊಂದು ಕಂಬಳಿ ಹೊದಿಸಿ, "ಅಣ್ಣಾ, ಇದು ಇಳಿಯುತ್ತದೆ. ನಾನು ಎಷ್ಟೋ ಇಂಥ ಜ್ವರ ನೋಡಿದ್ದೇನೆ," ಎಂದು ಪಾದ ಒತ್ತಿದರು. ಆ ಒತ್ತಿದ ಕೈ ಇವತ್ತಿಗೂ ನೆನಪಿದೆ.

ಅಲ್ಲಿಗೆ ಕೇಸ್ ಬಂದರು. ಮಾಸ್ಕಿನ ಮೇಲೆ ಅವರ ಸಣ್ಣ ನೀಲಿ ಕಣ್ಣು ಮಾತ್ರ.

"ಗೆದ್ದೆವು ಸುಂದರ. ಎರಡು ಒಂದು. ಕಾರ್ನರಿನಿಂದ ಬಂದ ಚೆಂಡಿಗೆ ನಮ್ಮ ಉದ್ದನೆಯ ಡಿಫೆಂಡರ್ ತಲೆ ಕೊಟ್ಟ, ಒಳಗೆ!"

ಮುಂದಿನ ವಾರ ಡ್ರಾ. ಅದರ ಮುಂದಿನ ವಾರ ಮತ್ತೆ ಗೆಲುವು, ಅದೂ ಕೊನೆಯ ನಿಮಿಷದ ಪೆನಾಲ್ಟಿಯಲ್ಲಿ. ಕೆಳಗಿನ ತಂಡಗಳನ್ನು ದಾಟಿ ಮೇಲೆ ಬರುತ್ತಿದ್ದೇವೆ ಎಂದರು. ಜ್ವರ ಇಳಿಯಿತು. ನಾನು ಗಂಜಿ ಕುಡಿದೆ, ಎದ್ದು ಕೂತೆ, ನಡೆದೆ. ಮನೆಗೆ ಕಳಿಸಿದರು.

ಮನೆಗೆ ಬಂದ ವಾರವೇ ರೊಲಾಂಡೋ ಕಿತ್ತಳೆ ಹಣ್ಣು ಹಿಡಿದುಕೊಂಡು ನೋಡಲು ಬಂದ. ನಮ್ಮ ವರ್ಕ್‌ಶಾಪಿನ ಕ್ರೇನ್ ಆಪರೇಟರ್, ಫಿಲಿಪ್ಪೀನ್ಸಿನವನು, ಮನಸ್ಸಿನಲ್ಲಿ ಏನೂ ಇಲ್ಲದ ಹುಡುಗಾಟದ ಮನುಷ್ಯ. ಕುಶಲ ಕೇಳಿ, ಚಾ ಕುಡಿದು, ಹೊರಡುವಾಗ ನನ್ನ ಭುಜ ತಟ್ಟಿ, "ನಿನ್ನ ಟೀಮಿನ ವಿಷಯ ಬೇಸರ ಬ್ರದರ್. ಸಾಲಾಗಿ ಸೋತು ಹೋಯಿತಲ್ಲ. ಕಟ್ಟಕಡೆಯಲ್ಲಿದೆ. ಇನ್ನು ಉಳಿಯುವುದಿಲ್ಲ ಅಂತ ಬಾಸ್ ಹೇಳಿದರು," ಎಂದ.

ಅವನನ್ನು ಕಳಿಸಿ ಬಾಗಿಲು ಹಾಕಿ ನಾನು ಅಲ್ಲೇ ಗೋಡೆಗೆ ಒರಗಿದೆ. ತಂಡ ಸೋತದ್ದಕ್ಕಿಂತ ದೊಡ್ಡದೊಂದು ಎದೆಯೊಳಗೆ ಕುಸಿಯಿತು. ಕೇಸ್ ಸುಳ್ಳು ಹೇಳಿದ್ದರು. ನನ್ನ ಹರಕೆ ಗೊತ್ತಿದ್ದದ್ದು ಹಮೀದಾಕನಿಗೆ ಮಾತ್ರ, ಅವರೇ ಹೇಳಿಸಿದ್ದರು. ಮಾಸ್ಕ್ ಹಾಕಿಕೊಂಡು, ಗೋಲು ಹೇಗೆ ಬಿತ್ತೆಂದು ಕೈಯಾಡಿಸಿ ತೋರಿಸಿ, ನನಗೆ ಸುಳ್ಳು ಹೇಳಿದ್ದರು. ಹಾಗಾದರೆ ಡಾಕ್ಟರು? 'ಮದ್ದು ಚೆನ್ನಾಗಿ ಹಿಡಿಯುತ್ತಿದೆ' ಎಂದದ್ದು? ಪಾದ ಒತ್ತಿದ ನರ್ಸಮ್ಮ? ಹೆಂಡತಿ?

ಅಡುಗೆಮನೆಯಲ್ಲಿ ವನಜ ಬಂಗುಡೆ ತೊಳೆಯುತ್ತಿದ್ದಳು.

"ವನಜ, ಡಾಕ್ಟರು ನಿನಗೆ ಎಂತ ಹೇಳಿದ್ದಾರೆ? ನನಗೆ ಹೇಳದ್ದು ಎಂತ ಉಂಟು?"

"ಎಂತ ಉಂಟು? ಎಂತದೂ ಇಲ್ಲ."

"ನನ್ನ ಮುಖ ನೋಡಿ ಹೇಳು."

ಅವಳು ನಲ್ಲಿ ನಿಲ್ಲಿಸಿದಳು. ಕೈ ಒರೆಸಿಕೊಳ್ಳದೆ, ಮೀನಿನ ನೀರು ಮೊಣಕೈಯವರೆಗೆ ಇಳಿಯುತ್ತಿರುವಂತೆಯೇ ನಿಂತಳು.

"ಎದೆಯೊಳಗೆ ಇನ್ನೊಂದು ಉಂಟಂತೆ," ಎಂದಳು. "ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದ್ರಲ್ಲ, ಅದ್ರಲ್ಲಿ ಕಂಡಿದೆ. ಕುತ್ತಿಗೆದು ಹೋಗಿದೆ, ಅದು ಪೂರ್ತಿ ಹೋಗ್ಲಿಲ್ಲ. ನಿಮಗೆ ಜ್ವರ ಸುಡ್ತಾ ಇತ್ತು. ನಾನೇ ಡಾಕ್ಟ್ರಿಗೆ ಕೈ ಮುಗಿದೆ, ಈಗ ಹೇಳ್ಬೇಡಿ ಅಂತ."

"ಎಷ್ಟು ದಿನದಿಂದ ನಿನ್ನ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದಿ?"

ಆಗ ನಾನು ಅವಳ ಮುಖವನ್ನು ತಿಂಗಳುಗಳ ಮೇಲೆ ಮೊದಲ ಸಲ ಸರಿಯಾಗಿ ನೋಡಿದೆ. ಕಣ್ಣಿನ ಕೆಳಗೆ ಕಪ್ಪು. ಬಳೆ ಮೊಣಕೈಗೆ ಜಾರುವಷ್ಟು ಸೊರಗಿದ ಕೈ. ಬೈಯಬೇಕೆಂದು ಬಂದವನು ಆ ಕೈ ಹಿಡಿದುಕೊಂಡೆ. ಅಲ್ಲೇ ಅಡುಗೆಮನೆಯ ನೆಲದಲ್ಲಿ ಇಬ್ಬರೂ ಕೂತು ಅತ್ತೆವು. ಶ್ರುತಿ ಬಂದು ನೋಡಿ, ಏನೂ ಕೇಳದೆ, ಫ್ರಿಜ್ಜಿನಿಂದ ತಣ್ಣೀರಿನ ಬಾಟಲಿ ತಂದು ಮಧ್ಯದಲ್ಲಿ ಇಟ್ಟು ಹೋದಳು.

"ಇನ್ನು ಮುಚ್ಚಿಡ್ಬೇಡ," ಎಂದೆ. "ಕೆಟ್ಟದ್ದಾದರೂ ಒಟ್ಟಿಗೆ ಕೇಳುವ."

"ನೀವೂ ಹಾಗೆಯೇ," ಎಂದಳು. "ಎಂತದೋ ಫುಟ್‌ಬಾಲ್ ಹರಕೆ ಅಂತೆ. ಹಮೀದಾಕ ಹೇಳಿದ್ರು. ಹೆಂಡತಿಗೆ ಹೇಳ್ಬಾರ್ದಾ ಅದನ್ನು?"

ಮುಂದಿನ ಸಲ ಇಬ್ಬರೂ ಒಟ್ಟಿಗೆ ಡಾಕ್ಟರ ಎದುರು ಕೂತೆವು. ಮುಚ್ಚಿಡದೆ ಹೇಳಿ ಎಂದೆ. ಅವರು ಫಿಲ್ಮನ್ನು ಬೆಳಕಿಗೆ ಹಿಡಿದು ಒಂದು ಮಬ್ಬು ಗುರುತು ತೋರಿಸಿದರು. "ಇದು ಇನ್ನೂ ಜೀವ ಇರುವ ಕಾಯಿಲೆ ಇರಬಹುದು, ಅಥವಾ ಸತ್ತ ಗಡ್ಡೆ ಬಿಟ್ಟುಹೋದ ಗಾಯದ ಕಲೆ ಇರಬಹುದು. ಈಗ ನನಗೂ ಗೊತ್ತಿಲ್ಲ. ಮದ್ದು ಮುಗಿಸೋಣ, ಸ್ವಲ್ಪ ಬಿಟ್ಟು ಮತ್ತೆ ನೋಡೋಣ. ಬೆಳೆದಿದ್ದರೆ ಬೇರೆ ದಾರಿ ಹುಡುಕಬೇಕು. ಮುಂಬಯಿಯ ಕ್ಯಾನ್ಸರ್ ಆಸ್ಪತ್ರೆಗೆ ಬರೆದುಕೊಡುತ್ತೇನೆ."

'ನನಗೂ ಗೊತ್ತಿಲ್ಲ' ಎಂದು ಡಾಕ್ಟರೊಬ್ಬರು ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ವಿಚಿತ್ರವೆಂದರೆ ಆ ಮಾತಿನ ಮೇಲೆ ನಂಬಿಕೆ ಬಂತು. ಹೆದರಿಕೆ ಹೋಗಲಿಲ್ಲ. ಅನುಮಾನ ಹೋಯಿತು, ಅದೇ ದೊಡ್ಡ ಭಾರ ಇಳಿದಂತೆ.

ಕೇಸ್ ಸಾಹೇಬರನ್ನು ಕೇಳಿದೆ. ಅವರ ಮುಖ ಇನ್ನಷ್ಟು ಕೆಂಪಾಯಿತು.

"ನೀನು ಸಾಯುತ್ತಿದ್ದಿ ಅಂದುಕೊಂಡೆ," ಎಂದರು ನೇರವಾಗಿ. "ಹಮೀದ್ ಹೇಳಿದ, ತಂಡ ಗೆದ್ದರೆ ಬದುಕುತ್ತೇನೆ ಅಂತ ನೀನು ನಂಬಿದ್ದೀಯ ಎಂದು. ನಾನು ಏನು ಮಾಡಲಿ? ನನ್ನ ಕೈಯಲ್ಲಿ ಇದ್ದದ್ದು ಅಷ್ಟೇ." ಆಮೇಲೆ, "ಆ ಪೆನಾಲ್ಟಿ ಮಾತ್ರ ಜಾಸ್ತಿಯಾಯಿತು. ನಮಗೆ ಈ ವರ್ಷ ಒಂದೂ ಪೆನಾಲ್ಟಿ ಸಿಕ್ಕಿಲ್ಲ," ಎಂದರು.

ನಕ್ಕುಬಿಟ್ಟೆ. ಆದರೂ ಒಳಗಿನ ಆ ಹುಳ ಸಾಯಲಿಲ್ಲ. ಏಪ್ರಿಲ್ ಕಳೆಯುವ ಮೊದಲೇ, ಇನ್ನೂ ಆಟಗಳು ಬಾಕಿ ಇರುವಾಗಲೇ, ನಮ್ಮ ತಂಡ ಕೆಳಗಿನ ದರ್ಜೆಗೆ ಬಿದ್ದದ್ದು ಖಚಿತವಾಯಿತು. ಈ ಸಲ ಕೇಸ್ ನಿಜವನ್ನೇ ಹೇಳಿದರು. ಅದು ಬರೀ ಆಟ ಎಂದು ಬುದ್ಧಿಗೆ ಗೊತ್ತಿತ್ತು; ಹೊಟ್ಟೆಗೆ ಗೊತ್ತಿರಲಿಲ್ಲ. ಕೀಮೋ ಮುಗಿದಿತ್ತು, ಸ್ಕ್ಯಾನ್ ಬಾಕಿಯಿತ್ತು. ಅನ್ನ ಕಲಸುವಾಗ, ಸ್ಟೋರಿನಲ್ಲಿ ಸ್ಪ್ಯಾನರ್ ಎಣಿಸುವಾಗ, ಮಗಳಿಗೆ ಮಗ್ಗಿ ಹೇಳಿಕೊಡುವಾಗ 'ಬಿದ್ದಾಯಿತು, ಬಿದ್ದಾಯಿತು' ಎಂದು ಒಳಗೆ ಯಾರೋ ಹೇಳುತ್ತಿದ್ದರು.

ಸೀಸನ್ನಿನ ಕೊನೆಯ ಭಾನುವಾರ, ಕೆಲಸ ಬಿಡುವ ಹೊತ್ತಿಗೆ, ಕೇಸ್ ತಮ್ಮ ಕ್ಯಾಬಿನ್ನಿನಲ್ಲಿ ರೇಡಿಯೋದ ಏರಿಯಲ್ ಕಡ್ಡಿಗೆ ತಂತಿ ಸುತ್ತಿ ಕಿಟಕಿಯ ಹೊರಗೆ ಬಿಡುತ್ತಿದ್ದರು. ಮೇ ತಿಂಗಳ ಬಿಸಿಗಾಳಿ ಮರಳನ್ನು ತಗಡಿಗೆ ಎರಚುತ್ತಿತ್ತು. ನಾನು ಬೀಗದ ಕೈ ಕೊಡಲು ಹೋದವನು ಅಲ್ಲೇ ನಿಂತೆ.

"ಇನ್ನು ಯಾಕೆ ಕೇಳುತ್ತೀರಿ ಸರ್? ಬಿದ್ದಾಯಿತಲ್ಲ."

ಅವರಿಗೆ ನನ್ನ ಪ್ರಶ್ನೆಯೇ ಅರ್ಥವಾದಂತೆ ಕಾಣಲಿಲ್ಲ. "ಇವತ್ತು ಆಟ ಇದೆಯಲ್ಲ," ಎಂದರು. "ಕೂರು."

ಕೂತೆ. ಕರಕರ ಸದ್ದಿನ ನಡುವೆ ಡಚ್ ಭಾಷೆ. ನನಗೆ ಒಂದಕ್ಷರ ತಿಳಿಯದು. ಬೇರೆ ಬೇರೆ ಊರಿನ ಆಟಗಳ ಸುದ್ದಿ ಒಂದರ ಮೇಲೊಂದು. ನಮ್ಮ ಊರಿನ ಹೆಸರು ಬಂದಾಗ ಕೇಸ್ ಬೆರಳೆತ್ತುತ್ತಿದ್ದರು. ಒಮ್ಮೆ ಮೇಜಿಗೆ ಗುದ್ದಿ ಎದ್ದೇಬಿಟ್ಟರು. ನಾವು ಗೋಲು ಹೊಡೆದಿದ್ದೆವು! ಇಬ್ಬರು ದೊಡ್ಡ ಗಂಡಸರು ಆ ತಗಡಿನ ಡಬ್ಬಿಯೊಳಗೆ ಕೈ ಕೈ ಹಿಡಿದುಕೊಂಡು ಕುಣಿದೆವು. ಆಮೇಲೆ ಎದುರು ತಂಡ ಒಂದು ಹೊಡೆಯಿತು, ಇನ್ನೊಂದು ಹೊಡೆಯಿತು. ಸೋತೆವು. ಕೇಸ್ ರೇಡಿಯೋ ಆರಿಸಿ, "ಪರವಾಗಿಲ್ಲ, ಚೆನ್ನಾಗಿ ಆಡಿದರು," ಎಂದು ತಂತಿ ಸುತ್ತಿಟ್ಟರು.

ವ್ಯಾನಿನ ಕಡೆ ನಡೆಯುವಾಗ ಹೊಳೆಯಿತು: ಅಷ್ಟು ಹೊತ್ತು ನನ್ನ ಕೈ ಒಮ್ಮೆಯೂ ಕುತ್ತಿಗೆಗೆ ಹೋಗಿರಲಿಲ್ಲ.

ಜೂನಿನಲ್ಲಿ ಸ್ಕ್ಯಾನ್ ಆಯಿತು. ಫಲಿತಾಂಶದ ದಿನ ಕಾಯುವ ಕೋಣೆಯಲ್ಲಿ ವನಜ ನನ್ನ ಕೈ ಹಿಡಿದು ಕೂತಿದ್ದಳು, ಊರಿನಲ್ಲಿದ್ದರೆ ನಾಲ್ಕು ಜನರೆದುರು ಹಾಗೆ ಹಿಡಿಯುವವಳಲ್ಲ. ಎರಡು ಅಂಗೈಗಳೂ ಒದ್ದೆ. ಯಾವುದು ಯಾರ ಬೆವರೋ ತಿಳಿಯದು.

ಡಾಕ್ಟರು ಹಳೆಯ ಫಿಲ್ಮನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಬಹಳ ಹೊತ್ತು ನೋಡಿದರು. "ಬೆಳೆದಿಲ್ಲ," ಎಂದರು. "ಸ್ವಲ್ಪ ಕುಗ್ಗಿದೆ ಕೂಡ. ಇದು ಕಲೆ ಎಂದು ನನ್ನ ಅನಿಸಿಕೆ. ಮೂರು ತಿಂಗಳು ಬಿಟ್ಟು ಬನ್ನಿ."

"ಮೂರು ತಿಂಗಳು ಅಂದ್ರೆ?" ಎಂದು ವನಜ ಹೊರಗೆ ಬಂದು ನನ್ನನ್ನು ಕೇಳಿದಳು. "ಗುಣ ಆಯ್ತು ಅಂತಲಾ, ಅಲ್ವಾ?"

"ಮೂರು ತಿಂಗಳು ಅಂದ್ರೆ ಮೂರು ತಿಂಗಳು," ಎಂದೆ. "ಅಷ್ಟು ನಮ್ಮದು."

ಆ ಮೂರು ತಿಂಗಳು ಆಮೇಲೆ ಆರಾದವು, ವರ್ಷವಾದವು. ಪ್ರತಿ ಸಲವೂ ಹೆದರಿದ್ದೇನೆ. ಈಗಲೂ ಶೀತವಾಗಿ ಗಂಟಲು ಊದಿದರೆ ಕನ್ನಡಿಯ ಮುಂದೆ ನಿಲ್ಲುತ್ತೇನೆ. ಇದನ್ನು ಓದುವ ಯಾರಾದರೂ ಇಂಥದೇ ಬೆಂಚಿನ ಮೇಲೆ ಕೂತು ಕಾಯುತ್ತಿದ್ದರೆ ಅವರಿಗೆ ಧೈರ್ಯ ಹೇಳುವಷ್ಟು ದೊಡ್ಡವನು ನಾನಲ್ಲ. ಹೆದರಿಕೊಂಡೇ ಕೂತಿದ್ದೆ, ಹೆದರಿಕೊಂಡೇ ಎದ್ದು ಬಂದೆ ಎಂದು ಮಾತ್ರ ಹೇಳಬಲ್ಲೆ.

ಆ ದಿನ ಆಸ್ಪತ್ರೆಯ ಹೊರಗೆ, ಉರಿಬಿಸಿಲಿನಲ್ಲಿ, ಹಮೀದಾಕ ವ್ಯಾನಿನ ಬಾಗಿಲು ತೆರೆದಿಟ್ಟುಕೊಂಡು ಕೂತಿದ್ದರು. ನಾವು ಹತ್ತಿದೆವು.

"ಎಂತ ಹೇಳಿದ್ರು?"

"ಬೆಳೀಲಿಲ್ಲ ಅಂತೆ ಹಮೀದಾಕ," ಎಂದಳು ವನಜ. "ಕಲೆ ಮಾತ್ರ ಅಂತೆ."

ಹಮೀದಾಕ ಬೀಗದ ಕೈ ತಿರುಗಿಸಲಿಲ್ಲ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು ಅದರ ಮೇಲೆ ಹಣೆ ಇಟ್ಟರು. ಮೊದಲು ಪ್ರಾರ್ಥಿಸುತ್ತಿದ್ದಾರೆ ಎಂದುಕೊಂಡೆ. ಆಮೇಲೆ ಭುಜ ಅಲುಗುವುದು ಕಂಡಿತು. ಅಷ್ಟು ತಿಂಗಳು ದಾರಿಯುದ್ದಕ್ಕೂ ನಗಿಸಿದ್ದ, 'ಅಷ್ಟೆಯಾ' ಎಂದಿದ್ದ ಮನುಷ್ಯ ಮಗುವಿನ ಹಾಗೆ ಬಿಕ್ಕಿ ಬಿಕ್ಕಿ ಅಳುತ್ತಿದ್ದರು.

ಏಸಿಯಿಲ್ಲದ ವ್ಯಾನು ಕಾದ ಬಾಣಲೆಯಂತೆ ಸುಡುತ್ತಿತ್ತು. ನಾನು ಹಿಂದಿನ ಸೀಟಿನಿಂದ ಮುಂದಕ್ಕೆ ಬಾಗಿ ಅವರ ಬೆನ್ನ ಮೇಲೆ ಕೈಯಿಟ್ಟೆ.

"ಎಂತದೂ ಆಗ್ಲಿಲ್ಲ ಹಮೀದಾಕ," ಎಂದೆ. "ನಾನಿದ್ದೇನಲ್ಲ, ಹೆದರ್ಬೇಡಿ."